ಇಪ್ಪತ್ತು ಎಣಿಸಿ ಕೈ ಹಾಕಿ

“ಸಹಿ ಹಾಕಲ್ಲ,” ಎಂದಳು ತಗಡಿನಿಂದ ಮುಚ್ಚಳ ಒತ್ತಿ ತೆಗೆಯುವ ಯಂತ್ರದ ಅಕ್ಕ. ಹನ್ನೊಂದು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಅಕ್ಕ. ಸೂಪರ್‌ವೈಸರ್ ಹಿಡಿದಿದ್ದ ಕಾಗದದಲ್ಲಿ ‘ಸೋಮಾರಿತನದಿಂದ ಕೆಲಸ ನಿಧಾನ’ ಎಂದಿತ್ತು. ಇದು ಮೂರನೆಯ ನೋಟೀಸು. ಸಹಿ ಬಿದ್ದರೆ ನಾಳೆಯಿಂದ ಅವಳು ಬರಬೇಕಾಗಿಲ್ಲ.

“ಹಾಕದೆ ಏನ್ಮಾಡ್ತೀಯಮ್ಮ? ಹೋದ ತಿಂಗಳು ದಿನಕ್ಕೆ ಎಂಬತ್ತು ಟ್ರೇ ತುಂಬಿಸ್ತಿದ್ದೆ. ಈಗ ಅರವತ್ತೈದು.”

“ಅಚ್ಚನ್ನ ಏರಿಳಿಸೋ ಚಕ್ರ ಹೋದ ತಿಂಗಳು ಬೇರೆ ಇತ್ತು ಸಾರ್. ಅದು ಬಿರುಕು ಬಿಟ್ಟಿತು ಅಂತ ಗುಜರಿಯಿಂದ ಇದನ್ನ ತಂದು ಹಾಕಿಸಿದ್ರಿ. ಅದರ ಎರಡರಷ್ಟು ಭಾರ, ಭಾರವೆಲ್ಲ ಅಂಚಲ್ಲೇ. ಮೋಟಾರು ಮಾತ್ರ ಅದೇ ಹಳೇದು. ಒಂದೇ ರಟ್ಟೆಗೆ ಚಿಕ್ಕ ಬೀಸೋಕಲ್ಲೂ ದೊಡ್ಡ ಬೀಸೋಕಲ್ಲೂ ಅಷ್ಟೇ ಬೇಗ ತಿರುಗುತ್ತಾ?”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ.”

“ನೆಲ ಡೊಂಕಾಗೇ ಇದ್ರೆ ಏನನ್ನಬೇಕು ಸಾರ್?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಇವರು. ಟ್ರೇ ತುಂಬಿದಾಗಲೆಲ್ಲ ಮೋಟಾರು ಆರಿಸಬೇಕು, ಇಪ್ಪತ್ತು ಎಣಿಸಬೇಕು, ಅಚ್ಚಿನ ಕೆಳಗೆ ಕೈ ಹಾಕಿ ಟ್ರೇ ತೆಗೆಯಬೇಕು, ಮತ್ತೆ ಮೋಟಾರು ಹಾಕಬೇಕು. ಹೀಗಂತ ಗೋಡೆಯ ಮೇಲೆ ಬರೆಸಿದ್ದರು. ಚಕ್ರ ಬದಲಾಯಿತು, ಗೋಡೆಯ ಬರಹವನ್ನು ಮುಟ್ಟಿದವರಿಲ್ಲ.

“ನಾನೇ ಮಾಡಿ ತೋರಿಸ್ತೀನಿ,” ಎಂದು ಸೂಪರ್‌ವೈಸರ್ ಗುಂಡಿ ಒತ್ತಿ ಗಡಿಯಾರ ನೋಡುತ್ತ ನಿಂತ. ಮೋಟಾರು ನರಳಿತು. ತಗಡಿನ ಮರೆಯ ಹಿಂದೆ ಚಕ್ರ ಒಲ್ಲದ ಮನಸ್ಸಿನಿಂದ ಹೊರಳಿತು. ಮೊದಲು ಒಂದು ನಿಮಿಷಕ್ಕೆ ಓಟ ಹಿಡಿಯುತ್ತಿದ್ದದ್ದು ಈಗ ಎರಡು ನಿಮಿಷ ತೆಗೆದುಕೊಂಡಿತು. ಆತ ಗಡಿಯಾರದಿಂದ ಕಣ್ಣೆತ್ತಿ, “ಬೆಲ್ಟ್ ಏನಾದ್ರೂ ಸಡಿಲ ಮಾಡಿದ್ದೀಯಾ?” ಎಂದ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. “ಇಷ್ಟು ನೋಡಿದ್ರಲ್ಲ, ನಿಲ್ಲೋದನ್ನೂ ನೋಡಿಬಿಡಿ. ಆದ್ರೆ ಕೈ ಹಾಕ್ಬೇಡಿ.”

ಮೋಟಾರು ಆರಿಸಿ ಆತ ಮಗ್ಗಿ ಒಪ್ಪಿಸುವವನಂತೆ ಗಟ್ಟಿಯಾಗಿ ಎಣಿಸಿದ. ಮೇಲೇರಿದ ಅಚ್ಚು ನಿಂತಂತೆಯೇ ಕಂಡಿತು. “ಹತ್ತೊಂಬತ್ತು, ಇಪ್ಪತ್ತು. ಆಯ್ತಲ್ಲ? ನೀನು ಇನ್ನೂ ಕೈ ಕಟ್ಕೊಂಡು ನಿಂತಿದ್ದೀಯ. ಇದಕ್ಕೇ ಸೋಮಾರಿತನ ಅನ್ನೋದು.” ನೋಟೀಸು ಹಿಡಿದಿದ್ದ ಕೈಯನ್ನೇ ಅಚ್ಚಿನ ಕೆಳಗೆ ಚಾಚಿದ.

ಅಕ್ಕ ಅವನ ಮಣಿಕಟ್ಟು ಹಿಡಿದು ಜಗ್ಗಿದಳು. ಕೈ ಹೊರಗೆ ಬಂತು, ಕಾಗದ ಒಳಗೇ ಉಳಿಯಿತು. ಅಚ್ಚು ಧಡ್ಡನೆ ಇಳಿದು, ಕಾಗದವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಮೇಲೆದ್ದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಇಳಿಯಿತು.

ಸೂಪರ್‌ವೈಸರ್ ಸ್ಟೂಲಿನ ಮೇಲೆ ಕುಸಿದು ಕೂತು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. “ಮೊದ್ಲೇ ಹೇಳಬಾರದಿತ್ತಾ?” ಎಂದ.

“ಮೊದಲ್ನೇ ನೋಟೀಸಿಗೆ ಬರೆದುಕೊಟ್ಟೆ, ಎರಡನೇದಕ್ಕೂ ಬರೆದುಕೊಟ್ಟೆ. ಬೇಗ ಓಡದೇ ಇರೋದು ಬೇಗ ನಿಲ್ಲೋದೂ ಇಲ್ಲ ಅಂತ. ಯಾರು ಓದಿದ್ರಿ? ಆ ಚಕ್ರ ಪೂರ್ತಿ ನಿಲ್ಲಲಿ ಅಂತ ನಾನು ಕಾಯ್ತಿದ್ನಲ್ಲ, ಅದನ್ನೇ ನೀವು ಸೋಮಾರಿತನ ಅಂತ ಬರೆದ್ರಿ.”

ಅವಳು ಮನಸ್ಸಿನಲ್ಲೇ ಐವತ್ತರವರೆಗೆ ಎಣಿಸಿದಳು, ತಗಡಿನ ಸಂದಿಯಿಂದ ಇಣುಕಿ ಚಕ್ರ ನಿಂತದ್ದನ್ನು ನೋಡಿದಳು, ಆಮೇಲೆ ಕೈ ಹಾಕಿ ಕಾಗದ ತೆಗೆದಳು. ನಡುವೆ ಮುಚ್ಚಳದಷ್ಟು ದುಂಡಗಿನ ಎರಡು ತೂತು. ಆತ ಕೈ ನೀಡಿದ. ಅವಳು ಕೊಡಲಿಲ್ಲ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದು ನನ್ನ ಹತ್ರ ಇರಲಿ ಸಾರ್. ನನ್ನನ್ನ ತೆಗೆದು ಇಲ್ಲಿ ಯಾರನ್ನ ನಿಲ್ಲಿಸ್ತೀರೋ, ಅವಳು ಗೋಡೆ ಓದೋಕೆ ಮುಂಚೆ ಇದನ್ನ ತೋರಿಸ್ಬೇಕು.”