ಒಣ ಕೊರೆತ

ಮಾರ್ಚ್ ಒಂಬತ್ತು, ಸಂಜೆ ಐದು ಗಂಟೆ ಹತ್ತು ನಿಮಿಷ. ಕಲ್ಲಿನ ನಾಮಫಲಕ ಮಾಡುವ ಪುಟ್ಟ ಉದ್ದಿಮೆಗೆ ವರ್ಷ ತುಂಬಿತೆಂದು ಅಕ್ಕ ಕೇಕಿನ ಮೇಲೆ ಒಂದೇ ಮೇಣದಬತ್ತಿ ಹಚ್ಚಿ ತಮ್ಮನ ಮುಂದೆ ಸರಿಸಿದಳು. ಅವನು ಊದಿದ. ಜ್ವಾಲೆ ಬಾಗಿ, ಮತ್ತೆ ನೆಟ್ಟಗಾಯಿತು.

"ಏನೋ, ಬತ್ತಿ ಆರಿಸೋಕೂ ಕೂಲಿ ಕೊಡಬೇಕೇನೋ?"

"ಇರಕ್ಕಾ, ಈ ಸಲ ನೋಡು," ಎಂದವನು ಮೇಜು ಹಿಡಿದು ಊದಿದ. ಕೆಮ್ಮು ಒತ್ತರಿಸಿ ಬಂತು, ಬತ್ತಿ ಆರಲಿಲ್ಲ.

ಅಕ್ಕನ ನಗು ಅಲ್ಲೇ ನಿಂತಿತು. ಅಕ್ಷರ ಬರೆಯುವವಳು ಅವಳು, ಕೊರೆಯುವವನು ಅವನು. ದೂಳೇಳದಂತೆ ನೀರು ಹರಿಸುತ್ತ ಕೊರೆದರೆ ತಾನು ಬರೆದ ಗೆರೆ ತೊಳೆದುಹೋಗುತ್ತದೆಂದು ಮೊದಲ ವಾರವೇ ನಲ್ಲಿ ಮುಚ್ಚಿಸಿದವಳು ಅವಳೇ. ಅಂದಿನಿಂದ ಅಕ್ಷರಗಳು ಮುತ್ತಿನಂತೆ ಮೂಡಿದವು, ಗಿರಾಕಿಗಳು ಮುಗಿಬಿದ್ದರು. ತಮ್ಮ ಮಾತ್ರ ಮೂಗಿಗೊಂದು ಕರವಸ್ತ್ರ ಕಟ್ಟಿಕೊಂಡು, ದಿನವಿಡೀ ಹಿಟ್ಟಿನಂಥ ಕಲ್ಲಿನ ದೂಳಿನಲ್ಲಿ ದುಡಿದ. ಮೆಟ್ಟಿಲು ಹತ್ತಿ ಅವನು ಏದುಸಿರು ಬಿಟ್ಟಾಗಲೆಲ್ಲ ಸೋಮಾರಿಯೆಂದು ಅವಳು ಕಿಚಾಯಿಸಿದ್ದಳು.

"ನೀನೇ ಊದಿಬಿಡಕ್ಕಾ, ನನ್ ಕೈಲಾಗ್ತಿಲ್ಲ."

ಅವಳು ಊದಲಿಲ್ಲ. ಅಕ್ಷರ ಅಳೆದು ಪಳಗಿದ ಕಣ್ಣು, ಬೇಡವೆಂದರೂ ಅಳೆಯಿತು. ಅವನ ತುಟಿಗೂ ಜ್ವಾಲೆಗೂ ನಡುವೆ ಬರೀ ಹದಿನೈದು ಸೆಂಟಿಮೀಟರ್. ಅಷ್ಟು ಹತ್ತಿರದ ಬತ್ತಿ ಆರಿಸುವಷ್ಟು ಉಸಿರನ್ನೂ ಆ ದೂಳು ಅವನಲ್ಲಿ ಉಳಿಸಿರಲಿಲ್ಲ.