ತುಂಬಿದ ಬಸ್ಸಿನ ಮಾತು

"ಇಪ್ಪತ್ತಾರೂ ಸತ್ತಿವೆ," ಎಂದ ನಲಕ, ಕೊನೆಯ ಕಂಪ್ಯೂಟರಿನಿಂದ ಕೈ ತೆಗೆದು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. ದನಿಯಲ್ಲಿ ಮರುಕದ ಎಳೆಯೂ ಇರಲಿಲ್ಲ.

ಕೊಲಂಬೊದ ಆ ಚಹಾ ದಲ್ಲಾಳಿ ಕಚೇರಿಯ ಕಂಪ್ಯೂಟರುಗಳಲ್ಲಿದ್ದ ಪಟ್ಟಿಗಳಿಗೆಲ್ಲ ಗುರುವಾರ ಯಾರೋ ಹೊರಗಿನಿಂದಲೇ ಬೀಗ ಜಡಿದಿದ್ದರು. ಇವತ್ತು ಸೋಮವಾರ. ನಾಳೆ ಹರಾಜು. ಚಹಾದ ಯಾವ ಲಾಟು ಯಾವ ತೋಟದ್ದು ಎಂದು ಹೇಳುವವರಿಲ್ಲ.

ಮಾಲೀಕ ಅಬೇಕೋನನಿಗೆ ಅಪರಾಧಿ ಆಗಲೇ ಸಿಕ್ಕಿದ್ದಳು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಪಟ್ಟಿ ಮಾಡುತ್ತಿದ್ದ ಸೇಪಾಲಿಕಾ. ಕೇಡು ಹೊತ್ತು ಬಂದ ಮಿಂಚಂಚೆಯನ್ನು ಒತ್ತಿ ತೆರೆದವಳು ಅವಳೇ. ಸಂಜೆಯೊಳಗೆ ಅವಳ ಕೆಲಸ ಹೋಗುವುದಿತ್ತು. ಮೂಲೆಯಲ್ಲಿ ಕೂತು, ತಾನು ಮುಟ್ಟದ ಮೀನಿನ ಬನ್ನನ್ನೇ ನೋಡುತ್ತಿದ್ದಳು.

ನಲಕನಿಗೆ ಈ ಕಚೇರಿ ಹೊಸದಲ್ಲ. ಕಂಪ್ಯೂಟರುಗಳ ಕಾವಲಿನ ಗುತ್ತಿಗೆ ಕೊಡಿ ಎಂದು ಮೂರು ಸಲ ಬಂದಿದ್ದ. ಮೂರು ಸಲವೂ ಚಹಾ ಕುಡಿಸಿ ಕಳಿಸಿದ್ದರು. ಈ ಸಲ ಅಬೇಕೋನನೇ ಕಾರು ಕಳಿಸಿದ್ದ.

"ಕುರಿ ಬುದ್ಧಿ ಸರ್," ಎಂದ ನಲಕ. "ಊರೆಲ್ಲ ಇಟ್ಕೊಂಡಿರೋ ಸಾಫ್ಟ್‌ವೇರನ್ನೇ ನೀವೂ ಇಟ್ಕೊಂಡ್ರಿ. ಜೇಬುಗಳ್ಳ ಯಾವತ್ತೂ ತುಂಬಿದ ಬಸ್ಸೇ ಹತ್ತೋದು. ಒಂದು ಕಳ್ಳಕೀಲಿ ಮಾಡಿದ್ರೆ ಲಕ್ಷ ಮನೆ ಬಾಗಿಲು ತೆಗೀತದೆ ಅಂದ್ರೆ ಯಾರು ಬಿಡ್ತಾರೆ? ಮೇಲಾಗಿ ಒಳಗೆ ಈ ಅಕ್ಕನಂಥವರು. ಸ್ಯಾಂಪಲ್ ಡಬ್ಬಿ ಕಳೆದಿದೆ ಅಂತ ಒಂದು ಸಾಲು ಬಂದ್ರೆ ಸಾಕು, ಎದ್ದುಬಿದ್ದು ಒತ್ತಿಬಿಡ್ತಾರೆ."

ಸೇಪಾಲಿಕಾ ತಲೆ ಎತ್ತಿದಳು. ಮತ್ತೆ ತಗ್ಗಿಸಿದಳು.

ಕಿಟಕಿಯ ಬಳಿ ಇನ್‌ಸ್ಪೆಕ್ಟರ್ ಚಂದನಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಪೆನ್ಸಿಲು! ನಲಕ ನಗು ನುಂಗಿಕೊಂಡ. ನಿವೃತ್ತಿಯ ಅಂಚಿನ, ಮೊಣಕಾಲು ನೋವಿನ ಹೆಂಗಸು. ಬೆಳಿಗ್ಗೆಯಿಂದ ಕೇಳಿದ್ದೆಲ್ಲ ಶಾಲೆ ಮಕ್ಕಳ ಪ್ರಶ್ನೆ.

"ಹಂಗಾದ್ರೆ ನಿಮ್ಮದಕ್ಕೆ ಈ ರೋಗ ಬರಲ್ವಾ, ತಮ್ಮ?"

ಅವನು ತನ್ನ ಲ್ಯಾಪ್‌ಟಾಪಿನ ಬೆನ್ನು ತಿರುಗಿಸಿದ. ಅಲ್ಲೊಂದು ಬೂದು ಕೊಕ್ಕರೆಯ ಚಿತ್ರ. "ಇದ್ರೊಳಗೆ ಓಡೋ ಸಾಫ್ಟ್‌ವೇರೇ ಬೇರೆ, ಮೇಡಂ. ಟ್ರಾನಾ ಅಂತ. ಸ್ವೀಡನ್ನಲ್ಲಿ ನಾಲ್ಕು ಜನ ಕೂತು ಮಾಡಿದ್ದು. ಇದಕ್ಕಾಗಿ ಯಾವ ಕಳ್ಳ ತಲೆ ಕೆಡಿಸ್ಕೋತಾನೆ?"

"ಎಷ್ಟು ಜನ ಇಟ್ಕೊಂಡಿದಾರೆ?"

"ನಾನೊಬ್ಬ."

"ಕೊಲಂಬೊದಲ್ಲಾ?"

"ಇಡೀ ಲಂಕೆಯಲ್ಲಿ. ನಮ್ಮ ಜನಕ್ಕೆ ಅದರ ಹೆಸರು ಹೇಳೋಕೂ ನಾಲಿಗೆ ಹೊರಳಲ್ಲ."

"ನನಗೂ ಹೊರಳ್ತಿರ್ಲಿಲ್ಲ," ಎಂದಳು ಚಂದನಿ, ಪುಸ್ತಕ ಚಾಚುತ್ತ. "ಸ್ವಲ್ಪ ಬರ್ಕೊಡಿ."

ಒಂದನೇ ಕ್ಲಾಸಿನ ಮಗುವಿಗೆ ಬರೆದುಕೊಡುವಂತೆ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟ. ಆಮೇಲೆ ಅಬೇಕೋನನ ಕಡೆ ತಿರುಗಿ, "ಗುತ್ತಿಗೆ ಕಾಗದ ತಂದಿದೀನಿ ಸರ್," ಎಂದ.

"ಒಂದ್ನಿಮಿಷ," ಎಂದಳು ಚಂದನಿ. "ಆ ತುಂಬಿದ ಬಸ್ಸಿನ ಮಾತು ಚೆನ್ನಾಗಿತ್ತು. ಹನ್ನೊಂದು ವರ್ಷ ಪೆಟ್ಟಾ ಬಸ್ ನಿಲ್ದಾಣದಲ್ಲಿ ಜೇಬುಗಳ್ಳರನ್ನ ಹಿಡಿದವಳು ನಾನು. ತುಂಬಿದ ಬಸ್ಸಲ್ಲಿ ಬಲು ಕಷ್ಟ. ಯಾರ ಕೈ ಅಂತ ಹೇಳ್ತೀರಿ? ಖಾಲಿ ಬಸ್ಸಲ್ಲಿ ಒಬ್ನೇ ಕೂತಿದ್ರೆ ಸುಲಭ."

"ಅಂದ್ರೆ?"

"ಸೇಪಾಲಿಕಾ ಒತ್ತಿದ ಪತ್ರ ಇದೆಯಲ್ಲ, ಅದನ್ನ ಕಳಿಸಿದ ಕಂಪ್ಯೂಟರಲ್ಲಿ ಏನು ಓಡ್ತಿತ್ತು ಅಂತ ಅದರ ಬೆನ್ನ ಮೇಲೇ ಒಂದು ಸಾಲು ಇರ್ತದಂತೆ. ನಮ್ಮವರು ತೆಗೆದುಕೊಟ್ರು. ಆ ಪತ್ರದಲ್ಲಿದ್ದ ಡಬ್ಬಿ ಕಳೆದ ವಿಷಯ ನಿಮಗೆ ಯಾರು ಹೇಳಿದ್ರೋ, ಅದನ್ನ ಆಮೇಲೆ ಕೇಳ್ತೀನಿ."

ಅವಳು ನಾಲಿಗೆಗೆ ಬೆರಳು ತಾಗಿಸಿ, ಕೆಲವು ಪುಟ ಹಿಂದಕ್ಕೆ ಮಗುಚಿ, ಅವನ ಮುಂದೆ ಹಿಡಿದಳು.

ಗುರುವಾರದ ತಾರೀಖಿನ ಕೆಳಗೆ, ಪೆನ್ಸಿಲಿನಲ್ಲಿ, ಅವನು ಈಗಷ್ಟೇ ಬರೆದುಕೊಟ್ಟ ಅದೇ ಹೆಸರಿತ್ತು.