ಕಡ ತಂದ ಭಾನುವಾರ

ಶೇವಂತಿಯ ಮೈಗೆ ರೋಗ ತಡೆಯುವ ಶಕ್ತಿ ಇರಲಿಲ್ಲ; ಹೊರಗಿನ ಸೋಂಕು ತಾಗದಂತೆ ಮನೆಯ ಗಾಜಿನ ಕೋಣೆಯಲ್ಲೇ ಅವಳ ವಾಸ. ಸೈನಸ್ ಸೋಂಕಿನಿಂದ ಮೂಗು ಸದಾ ಕಟ್ಟಿರುತ್ತಿತ್ತು. ಭಾನುವಾರ ಮಾತ್ರ ತಂಗಿ ಗಿರಿಜೆ ತನ್ನ ಶಕ್ತಿಯನ್ನು ತೋಳಪಟ್ಟಿಗೆ ತುಂಬಿಸಿ ಕಡ ಕೊಡುತ್ತಿದ್ದಳು. ಅಂದು ಅಕ್ಕ ಸಂತೆಗೆ, ತಂಗಿ ಗಾಜಿನ ಕೋಣೆಗೆ. ಬೀದಿಯ ಅರ್ಧ ಮನೆಗಳಲ್ಲಿ ಇದೇ ರೂಢಿ.

ಇವತ್ತು ಗಿರಿಜೆಯ ಮದುವೆ. ಸಂಜೆ ಗಂಡನೂರಿಗೆ ಹೊರಡಬೇಕು. ತಾಳಿ ಕಟ್ಟಿಸಿಕೊಂಡವಳು ಊಟದ ತಟ್ಟೆ ಹಿಡಿದು ನೇರ ಗಾಜಿನ ಕೋಣೆಯ ಬಳಿ ಬಂದಳು.

“ಪಟ್ಟಿ ತುಂಬಿಸಿ ನಿನಗೇ ಬಿಟ್ಟು ಹೋಗ್ಲಾ, ಅಕ್ಕಾ?”

“ಹೊಸ ಸೊಸೆ ಬಂದ ದಿನವೇ ಕೋಣೆ ಸೇರಿದ್ರೆ ನಿಮ್ಮತ್ತೆ ನನ್ನ ಬೈತಾರೆ. ತಟ್ಟೆ ಇತ್ತ ತಳ್ಳು.”

ಗಿರಿಜೆ ಕಿಂಡಿಯಿಂದ ತಟ್ಟೆ ತಳ್ಳಿದಳು. “ಸಾರಿಗೆ ನಿನಗಿಷ್ಟ ಅಂತ ಇಂಗು ಜಾಸ್ತಿ ಹಾಕಿಸಿದೀನಿ.”

ಶೇವಂತಿ ಕಟ್ಟಿದ ಮೂಗಿನ ಹತ್ತಿರ ಸಾರಿನ ಬಟ್ಟಲು ಹಿಡಿದಳು.

“ಘಮ್ ಅಂತಿದೆ ಕಣೆ,” ಅಂದಳು. “ಹೋಗು, ಅಲ್ಲಿ ಕಾಯ್ತಿದ್ದಾರೆ.”